ಮೋಡವು ಮಳೆಯಾಗುವ ಬಗೆ

ಮುಂಗಾರಿನ ತಿಂಗಳುಗಳಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಮೇಲೆ ಮೋಡಗಳು ದಿನವಿಡೀ ಪಡುವಣದಿಂದ ಮೂಡಣಕ್ಕೆ ಓಡುತ್ತಿರುತ್ತವೆ. ಆದರೂ ಎಷ್ಟೋ ದಿನ ಹೊಲದ ಮಣ್ಣು ನೆನೆಯುವದಿಲ್ಲ. ಮೋಡವನ್ನು ನಂಬಿ ಬಿತ್ತಿದ ರೈತನ ನಷ್ಟವನ್ನು ನಾವೆಲ್ಲರೂ ಬಲ್ಲೆವು. ಮೋಡವಿದ್ದೂ ಮಳೆಯಿಲ್ಲವೇಕೆಂಬದನ್ನು ಇಲ್ಲಿ ವಿಚಾರಿಸೋಣ.

ಒಲೆಯ ಮೇಲೆ ನೀರು ಕುದಿಯುವಾಗ ಕೆಟಲಿಯ ಮೂತಿಗೆ ತೀರ ಹತ್ತಿರದಲ್ಲಿ ಏನೂ ಕಾಣುವದಿಲ್ಲ. ತುಸು ದೂರದಲ್ಲಿ ಬೆಳ್ಳನೆಯ ಹೊಗೆಯಂತಹದು ಕಾಣುವದು. ಮೂತಿಯ ಬಳಿ ಇರುವದು ಕಣ್ಣಿಗೆ ಕಾಣದ ನೀರಾವಿ; ದೂರದಲ್ಲಿ ಕಾಣುವದು ಆ ಆವಿಯು ತಣಿದು ಆದ ಸಣ್ಣ ಹನಿಗಳು. ಆಕಾಶದ ಮೋಡವೂ ಅಂತಹದೇ. ಆವಿಯನ್ನು ಹೊತ್ತ ಗಾಳಿಯು ಮೇಲಕ್ಕೇರಿದಂತೆ ಒತ್ತಡ ತಗ್ಗಿ ಹಿಗ್ಗುವದು, ಹಿಗ್ಗಿ ತಣ್ಣಗಾಗುವದು. ಮೋಡ ಕಟ್ಟುವ ವರೆಗೆ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಉಷ್ಣವು ಇಳಿಯುವದು. ಆವಿಯು ಹನಿಗೂಡಲು ಧೂಳು, ಹೊಗೆ, ಕಡಲಿನ ಉಪ್ಪು ಮುಂತಾದವುಗಳ ಕಣವೊಂದು ಆಸರೆಯಾಗಿ ಬೇಕು. ಇದನ್ನು ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಎಂಬ ಪಂಡಿತನು 1880ರ ಸುಮಾರಿಗೆ ಪ್ರಯೋಗಗಳಿಂದ ತೋರಿಸಿದನು.

ಆದರೆ ಮೋಡದ ಹನಿಯು ಮಳೆಯ ಹನಿಯಲ್ಲ. ಅದರ ಅಡ್ಡಳತೆ ಒಂದು ಮಿಲಿಮೀಟರಿನ ಐವತ್ತನೆಯ ಪಾಲಿನಷ್ಟು. ಮಳೆಹನಿಯದು ಸುಮಾರು 2 ಮಿಲಿಮೀಟರು. ಆದುದರಿಂದ ಒಂದು ಮಳೆಹನಿಗೆ ಅಂತಹ ಹತ್ತು ಲಕ್ಷ ಹನಿಗಳ ನೀರು ಬೇಕು. ಸಣ್ಣ ಹನಿಯು ಗಾಳಿಯಲ್ಲಿ ತೇಲುತ್ತಿರುವದು. ಹನಿಗಳು ಒಂದಕ್ಕೊಂದು ತಾಕಿ ಕೂಡಿಕೊಂಡರೆ, ಇಲ್ಲವೆ ಬಹಳ ಎತ್ತರದಲ್ಲಿ ಹಿಮದ ಹರಳುಗಳಾಗಿ ಬೆಳೆದು ಇಳಿಯುತ್ತ ಕರಗಿದರೆ ಮಾತ್ರ ಮಳೆಯಾಗುವದು. ಇದಕ್ಕೆ ಮೋಡವು ದಪ್ಪವಾಗಿರಬೇಕು. ಕೆಳಗಿನಿಂದ ಆವಿಯು ಏರುತ್ತಲೇ ಇರಬೇಕು.

ಅರಬ್ಬೀ ಸಮುದ್ರದ ಗಾಳಿಯು ಸಹ್ಯಾದ್ರಿಯನ್ನು ಏರುವಾಗ ತಣಿದು ತನ್ನ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿಸುವದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ; ನಮ್ಮ ಜಿಲ್ಲೆಯಲ್ಲಿ 600ರ ಆಸುಪಾಸು. ಬೆಟ್ಟ ದಾಟಿ ಇಳಿಯುವ ಗಾಳಿಯು ಮತ್ತೆ ಬೆಚ್ಚಗಾಗಿ ಹನಿಗಳನ್ನು ಆವಿಯಾಗಿಸುವದು. ಉಳಿದ ತೆಳುಮೋಡಗಳು ನಮ್ಮ ತಲೆಯ ಮೇಲೆ ಹಾದುಹೋಗುವವು. ಹುಬ್ಬಿ, ಉತ್ತರಿ ಮಳೆಗಳ ಸೆಪ್ಟೆಂಬರಿನಲ್ಲಿ ಗಾಳಿಯ ಓಟ ತಗ್ಗಿ, ಕಾದ ನೆಲದಿಂದ ಆವಿಯು ನೆಟ್ಟಗೆ ಮೇಲೇರಿ ಎತ್ತರದ ಗುಡುಗುಮೋಡಗಳನ್ನು ಕಟ್ಟುವದು. ಅದರಿಂದಲೇ ಆ ತಿಂಗಳಿನಲ್ಲಿ ನಮಗೆ ಮಳೆ ಹೆಚ್ಚು.

ಸಹ್ಯಾದ್ರಿಯು ಹಿಡಿದುಕೊಂಡ ನೀರಿನಲ್ಲಿ ಒಂದು ಪಾಲು ತುಂಗೆ, ಭದ್ರೆಯರಲ್ಲಿ ಹರಿದು ಮುನಿರಾಬಾದಿನ ಜಲಾಶಯಕ್ಕೆ ಬರುತ್ತದೆ. 1953ರಲ್ಲಿ ಅಲ್ಲಿ ನೀರು ನಿಂತ ತರುವಾಯ ಎಡದಂಡೆಯ ಕಾಲುವೆಯಿಂದ ಗಂಗಾವತಿಯು ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳ ಹೊಲಗಳಾದರೋ ಇಂದಿಗೂ ಬಹುಮಟ್ಟಿಗೆ ಮುಗಿಲನ್ನೇ ನಂಬಿವೆ. 2003ರಲ್ಲಿಯೂ 2017ರಲ್ಲಿಯೂ ಕರ್ನಾಟಕ ಸರಕಾರವು ವಿಮಾನಗಳಿಂದ ಮೋಡ ಬಿತ್ತನೆ ಮಾಡಿಸಿತು. ಆದರೆ ಬಿತ್ತನೆಯಿಂದ ಇಲ್ಲದ ಮೋಡವು ಹುಟ್ಟಲಾರದು, ನೀರು ತುಂಬಿದ ಮೋಡಕ್ಕೆ ಮಾತ್ರ ಅದು ನೆರವಾಗಬಲ್ಲದು.

ಆದುದರಿಂದ ಮುಗಿಲನ್ನು ನೋಡುವಾಗ ಮೋಡವು ತೆಳ್ಳಗೆ ಹರಡಿ ಓಡುತ್ತಿದೆಯೋ, ಗೋಪುರದಂತೆ ಬೆಳೆದು ಬುಡ ಕಪ್ಪಾಗುತ್ತಿದೆಯೋ ಎಂಬದನ್ನು ಮಕ್ಕಳಿಗೆ ತೋರಿಸತಕ್ಕದ್ದು. ಬಿತ್ತುವ ಮುಂಚೆ ಹಸಿಯು ಎಷ್ಟು ಆಳ ಇಳಿದಿದೆಯೆಂದು ನೆಲವನ್ನು ಅಗೆದು ನೋಡುವದೂ, ಬಿದ್ದ ನೀರನ್ನು ಒಡ್ಡು ಕಟ್ಟಿ ಹೊಲದಲ್ಲಿಯೇ ನಿಲ್ಲಿಸುವದೂ ನಮ್ಮ ಸೀಮೆಗೆ ಹಿತವಾದ ಕೆಲಸಗಳು.