ಇರುಳಿನ ಪರದೆಯೂ ಹಳದಿಯ ಬೆಳಕೂ

ಸೂರ್ಯ ಮುಳುಗಿದ ಕೂಡಲೆ ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯನ್ನು ತಾನಾಗಿಯೇ ಹಳದಿಯ ಛಾಯೆಗೆ ತಿರುಗಿಸುವ ತಂತ್ರಾಂಶವನ್ನು ಇಂದು ಕಾಣದವರು ವಿರಳ. ನಮ್ಮ ವಿದ್ಯಾರ್ಥಿನಿಲಯದಲ್ಲಂತೂ ದೀಪವಾರಿದ ಮೇಲೆ ಎಷ್ಟೋ ಮುಖಗಳು ಈ ಅರಿಶಿನದ ಬೆಳಕಿನಲ್ಲಿಯೇ ಪರೀಕ್ಷೆಗೆ ಓದುತ್ತಿರುತ್ತವೆ. ಪಠ್ಯಪುಸ್ತಕ ಕೈಗೆ ಸಿಗದಿದ್ದಾಗ ಟಿಪ್ಪಣಿಗಳೆಲ್ಲ ಮೊಬೈಲಿನಲ್ಲಿಯೇ ಇರುವುದರಿಂದ ಬೇರೆ ದಾರಿಯೂ ಇಲ್ಲ. "ಹಳದಿ ಹಾಕಿಕೊಂಡಿದ್ದೇನೆ ಮಾರಾಯ, ಎರಡು ಗಂಟೆಯವರೆಗೆ ಓದಿದರೂ ಕಣ್ಣಿಗೆ ಏನೂ ಆಗದು" ಎಂದು ಸ್ನೇಹಿತರು ಧೈರ್ಯವಾಗಿ ಹೇಳುವುದನ್ನು ಕೇಳಿದ್ದೇನೆ. ಈ ಧೈರ್ಯಕ್ಕೆ ಆಧಾರವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ನಾನು ಕಲಾ ವಿಭಾಗದವನು, ಭೌತಶಾಸ್ತ್ರ ನನ್ನ ಪಾಠ್ಯವಿಷಯವಲ್ಲ. ಆದ್ದರಿಂದ ನನಗೆ ಅರ್ಥವಾದ ಕ್ರಮದಲ್ಲಿಯೇ ಹೇಳುತ್ತೇನೆ. ವಿಜ್ಞಾನದ ಅಧ್ಯಾಪಕರು ಕ್ಷಮಿಸಬೇಕು.

ಮೊದಲು ಬಣ್ಣದ ಉಷ್ಣತೆ, ಅಂದರೆ ವರ್ಣತಾಪ, ಎಂಬ ಮಾತನ್ನು ತಿಳಿಯಬೇಕು. ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಇದು ಕಷ್ಟವಲ್ಲ. ತಿದಿ ಒತ್ತಿದಂತೆ ಕಬ್ಬಿಣ ಮೊದಲು ಕೆಂಪಾಗುತ್ತದೆ, ಅನಂತರ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬೆಳ್ಳಗೆ ಹೊಳೆಯುತ್ತದೆ. ಕಾವು ಎಷ್ಟೆಂಬುದನ್ನು ಕಮ್ಮಾರ ಬಣ್ಣದಿಂದಲೇ ಬಲ್ಲ. ವಿಜ್ಞಾನಿಗಳೂ ಮಾಡಿದ್ದು ಇದನ್ನೇ. ಒಂದು ಬೆಳಕಿನ ಬಣ್ಣ ಎಷ್ಟು ಕಾದ ಕಪ್ಪು ವಸ್ತುವಿನ ಹೊಳಪನ್ನು ಹೋಲುತ್ತದೆಯೋ ಆ ಉಷ್ಣತೆಯನ್ನು ಆ ಬೆಳಕಿನ ವರ್ಣತಾಪವೆಂದು ಕರೆದರು. ಅಳತೆ ಕೆಲ್ವಿನ್ ಮಾನದಲ್ಲಿ. ಮೇಣದ ಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್, ಹಳೆಯ ತಂತಿಯ ಬಲ್ಬು ಸುಮಾರು 2700, ನಡುಹಗಲಿನ ಬಿಸಿಲು ಸುಮಾರು 5500. ನಮ್ಮ ಪರದೆಗಳಲ್ಲಿ ಬಿಳಿ ಎಂದು ಸಾಮಾನ್ಯವಾಗಿ ಇಟ್ಟುಕೊಂಡಿರುವುದು 6500 ಕೆಲ್ವಿನ್. ಇಲ್ಲೊಂದು ವಿನೋದವಿದೆ. ನಾವು ಕೆಂಪು ಹಳದಿಗಳನ್ನು ಬೆಚ್ಚನೆಯ ಬಣ್ಣವೆಂದೂ ನೀಲಿಯನ್ನು ತಂಪು ಬಣ್ಣವೆಂದೂ ಹೇಳುತ್ತೇವೆ. ಅಳತೆಯಲ್ಲಾದರೋ ನೀಲಿಯೇ ಹೆಚ್ಚು ಬಿಸಿ! ಅಲಂಕಾರಶಾಸ್ತ್ರ ಓದುವ ನಮಗೆ ಇದು ವಿರೋಧಾಭಾಸದ ಒಳ್ಳೆಯ ಉದಾಹರಣೆ.

ಹಗಲಿಗೆ ಹೊಂದುವಂತೆ ಮಾಡಿದ ಈ 6500ರ ಬಿಳುಪನ್ನು ರಾತ್ರಿಯಲ್ಲಿ 3400ಕ್ಕೋ 2700ಕ್ಕೋ ಇಳಿಸುವುದೇ ತಂತ್ರಾಂಶದ ಕೆಲಸ. ಇವುಗಳಲ್ಲಿ ಹೆಸರಾದುದು ಮೈಕೇಲ್ ಹರ್ಫ್ ಮತ್ತು ಲೋರ್ನಾ ಹರ್ಫ್ ಎಂಬವರು 2009ರಲ್ಲಿ ಹೊರತಂದ ಎಫ್.ಲಕ್ಸ್. ಲಿನಕ್ಸ್ ಬಳಸುವವರಿಗಾಗಿ ರೆಡ್‌ಶಿಫ್ಟ್ ಎಂಬುದು ಬಂದಿತು. 2016ರಲ್ಲಿ ಆಪಲ್ ಸಂಸ್ಥೆ ತನ್ನ ಫೋನಿನಲ್ಲಿಯೇ ನೈಟ್ ಶಿಫ್ಟ್ ಎಂಬ ಏರ್ಪಾಡನ್ನು ಸೇರಿಸಿತು, 2017ರಲ್ಲಿ ಮೈಕ್ರೋಸಾಫ್ಟ್ ವಿಂಡೋಸಿಗೆ ನೈಟ್ ಲೈಟ್ ಕೊಟ್ಟಿತು. ಒಳಗಿನ ಉಪಾಯ ಸರಳವಾದುದು. ಪರದೆಯ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಮಿಶ್ರಣ. ತಂತ್ರಾಂಶವು ಊರಿನ ಅಕ್ಷಾಂಶ ರೇಖಾಂಶಗಳಿಂದ ಸೂರ್ಯಾಸ್ತದ ವೇಳೆಯನ್ನು ಲೆಕ್ಕ ಹಾಕಿ, ಆ ವೇಳೆಗೆ ಕೆಂಪನ್ನು ಹಾಗೆಯೇ ಬಿಟ್ಟು, ಹಸಿರನ್ನು ಸ್ವಲ್ಪವೂ ನೀಲಿಯನ್ನು ಹೆಚ್ಚಾಗಿಯೂ ತಗ್ಗಿಸುತ್ತದೆ.

ಇದನ್ನು ಯಾರಾದರೂ ಪರೀಕ್ಷಿಸಬಹುದು. ಹಳೆಯ ಸಿ.ಡಿ. ತಟ್ಟೆಯೊಂದನ್ನು ತೆಗೆದುಕೊಂಡು, ಕತ್ತಲೆಯ ಕೋಣೆಯಲ್ಲಿ ಬಿಳಿಯ ಪರದೆಯ ಬೆಳಕು ಅದರ ಮೇಲೆ ಓರೆಯಾಗಿ ಬೀಳುವಂತೆ ಹಿಡಿದರೆ ಕೆಂಪು, ಹಸಿರು, ನೀಲಿಯ ಪಟ್ಟೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ನಾನೂ ನನ್ನ ಕೋಣೆಯ ಸ್ನೇಹಿತನೂ ಹೀಗೆ ಮಾಡಿ ನೋಡಿದೆವು. ಹಳದಿಯ ಏರ್ಪಾಡನ್ನು ಒತ್ತಿದಾಗ ನೀಲಿಯ ಪಟ್ಟೆ ಮಂಕಾಯಿತು, ಮಾಯವಾಗಲಿಲ್ಲ. ಆದರೆ ಹೊಳಪಿನ ಗುಂಡಿಯನ್ನು ಕೆಳಗೆ ಎಳೆದಾಗ ಮೂರೂ ಪಟ್ಟೆಗಳು ಒಟ್ಟಿಗೆ ಕುಗ್ಗಿದವು, ನೀಲಿಯಂತೂ ಕಣ್ಣಿಗೆ ಹೆಚ್ಚುಕಡಮೆ ಕಾಣದಂತಾಯಿತು. ಈ ಚಿಕ್ಕ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಹತ್ತು ನಿಮಿಷ ಕಳೆದ ಮೇಲೆ ಹಳದಿಯ ಪರದೆ ಹಳದಿಯಾಗಿಯೇ ತೋರುವುದಿಲ್ಲ. ಅದು ಕಣ್ಣಿನ ಹೊಂದಾಣಿಕೆ. ಲಾಂದ್ರದ ಬೆಳಕಿನಲ್ಲಿ ಓದುತ್ತಿದ್ದ ನಮ್ಮ ಅಜ್ಜಂದಿರಿಗೂ ಪುಸ್ತಕದ ಹಾಳೆ ಬಿಳಿಯಾಗಿಯೇ ಕಂಡಿತ್ತಲ್ಲವೆ?

ಇನ್ನು ನಿದ್ರೆಯ ವಿಚಾರ. ಕತ್ತಲಾಗುತ್ತಲೇ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸ ಸ್ರವಿಸಿ, ಇರುಳಾಯಿತೆಂಬ ಸುದ್ದಿಯನ್ನು ಶರೀರಕ್ಕೆ ಮುಟ್ಟಿಸುತ್ತದೆ. ಇದನ್ನು 1958ರಲ್ಲಿ ಬೇರ್ಪಡಿಸಿ ತೋರಿಸಿದವರು ಅಮೆರಿಕದ ಏರನ್ ಲರ್ನರ್ ಮತ್ತು ಅವರ ಸಹೋದ್ಯೋಗಿಗಳು. ಬೆಳಕು ಬಿದ್ದರೆ ಈ ಸ್ರಾವ ತಗ್ಗುತ್ತದೆ. ಯಾವ ಬೆಳಕು ಎಂಬ ಪ್ರಶ್ನೆಗೆ 2001ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಉತ್ತರ ಕೊಟ್ಟವು: ಸುಮಾರು 460 ನ್ಯಾನೋಮೀಟರ್ ತರಂಗದೂರದ ನೀಲಿ. ಮರುವರ್ಷ, ಅಂದರೆ 2002ರಲ್ಲಿ, ಅಕ್ಷಿಪಟಲದಲ್ಲಿ ನಾವು ಶಾಲೆಯಲ್ಲಿ ಕಲಿತ ಕಂಬಿಕೋಶ ಶಂಕುಕೋಶಗಳಲ್ಲದೆ, ತಾವೇ ಬೆಳಕನ್ನರಿಯುವ ಬೇರೊಂದು ಬಗೆಯ ಜೀವಕೋಶಗಳಿವೆಯೆಂದು ಡೇವಿಡ್ ಬರ್ಸನ್ ಮೊದಲಾದವರು ತೋರಿಸಿದರು. ಅವುಗಳಲ್ಲಿರುವ ಮೆಲನೋಪ್ಸಿನ್ ಎಂಬ ವರ್ಣದ್ರವ್ಯವು ಸುಮಾರು 480 ನ್ಯಾನೋಮೀಟರಿನ ಬೆಳಕಿಗೆ ಅತಿ ಚುರುಕಾಗಿ ಸ್ಪಂದಿಸುತ್ತದೆ. ಈ ಕೋಶಗಳ ಮುಖ್ಯ ಕೆಲಸ ಚಿತ್ರ ತೋರಿಸುವುದಲ್ಲ, ಹಗಲೋ ಇರುಳೋ ಎಂದು ಮಿದುಳಿಗೆ ವರದಿ ಮಾಡುವುದು. ತಂತ್ರಾಂಶದ ತರ್ಕವೆಲ್ಲ ನಿಂತಿರುವುದು ಈ ಶೋಧನೆಯ ಮೇಲೆ. ತರ್ಕವೇನೋ ಸೊಗಸಾಗಿದೆ. ಪ್ರಯೋಗ ಏನು ಹೇಳುತ್ತದೆ?

ಬಾಸ್ಟನ್ ನಗರದ ವಿಜ್ಞಾನಿಗಳು 12 ಮಂದಿಗೆ ಮಲಗುವ ಮುನ್ನ ನಾಲ್ಕು ಗಂಟೆಗಳ ಕಾಲ, ಸತತ ಐದು ರಾತ್ರಿ, ಹೊಳೆಯುವ ಪರದೆಯ ಮೇಲೆ ಓದಿಸಿದರು. ಬೇರೆ ಐದು ರಾತ್ರಿ ಮಂದ ಬೆಳಕಿನಲ್ಲಿ ಅಚ್ಚಿನ ಪುಸ್ತಕ ಓದಿಸಿದರು. ಪರದೆಯ ರಾತ್ರಿಗಳಲ್ಲಿ ಮೆಲಟೋನಿನ್ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು, ನಿದ್ರೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು. 2014ರ ಕೊನೆಯಲ್ಲಿ ಪ್ರಕಟವಾದ ಈ ವರದಿ ಬಹಳ ಪ್ರಚಾರ ಪಡೆಯಿತು. ಪರದೆ ನಿದ್ರೆಯನ್ನು ಕೆಡಿಸುತ್ತದೆ ಎಂಬುದು ಇದರಿಂದ ಸಿದ್ಧವಾಯಿತೆಂದೇ ಇಟ್ಟುಕೊಳ್ಳೋಣ. ಹಳದಿ ಮಾಡಿದರೆ ಸರಿಹೋಗುತ್ತದೆ ಎಂಬುದು ಮಾತ್ರ ಇದರಿಂದ ಸಿದ್ಧವಾಗುವುದಿಲ್ಲ. ಅದನ್ನೇ ನೇರವಾಗಿ ಕೇಳಿದವರು ಅಮೆರಿಕದ ರೆನ್ಸಲೇರ್ ಸಂಸ್ಥೆಯ ದೀಪಸಂಶೋಧಕರು. 2018ರಲ್ಲಿ ಅವರು ಐಪ್ಯಾಡಿನ ನೈಟ್ ಶಿಫ್ಟನ್ನು ಎರಡು ಬಗೆಯಲ್ಲಿ ಇಟ್ಟು ಪರೀಕ್ಷಿಸಿದಾಗ, ಹೆಚ್ಚು ಹಳದಿ ಮಾಡಿದರೂ ಕಡಮೆ ಹಳದಿ ಮಾಡಿದರೂ ಮೆಲಟೋನಿನ್ ತಗ್ಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹೊಳಪನ್ನೂ ತಗ್ಗಿಸಬೇಕೆಂಬುದು ಅವರ ಸಲಹೆ. ನಮ್ಮ ಸಿ.ಡಿ. ತಟ್ಟೆ ಹೇಳಿದ್ದೂ ಇದನ್ನೇ ಅಲ್ಲವೆ? 2021ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದವರು ನಮ್ಮದೇ ವಯಸ್ಸಿನ, ಅಂದರೆ 18ರಿಂದ 24 ವರ್ಷದ, 167 ಮಂದಿಯನ್ನು ಮೂರು ಗುಂಪು ಮಾಡಿದರು: ಹಳದಿಯೊಂದಿಗೆ ಫೋನ್ ಬಳಸುವವರು, ಹಳದಿಯಿಲ್ಲದೆ ಬಳಸುವವರು, ಮಲಗುವ ಮುನ್ನ ಫೋನನ್ನೇ ಮುಟ್ಟದವರು. ಒಟ್ಟಿನಲ್ಲಿ ಮೂರು ಗುಂಪುಗಳ ನಿದ್ರೆಯಲ್ಲಿ ಭೇದ ಕಾಣಲಿಲ್ಲ. ಸಾಕಷ್ಟು ನಿದ್ರೆ ಮಾಡುತ್ತಿದ್ದವರಲ್ಲಿ ಮಾತ್ರ ಫೋನನ್ನು ದೂರವಿಟ್ಟವರು ಸ್ವಲ್ಪ ಮೇಲಾಗಿದ್ದರು. ಇದಕ್ಕೂ ಮೊದಲೆ, 2019ರಲ್ಲಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ಇನ್ನೂ ವಿಚಿತ್ರ. ಮೆಲನೋಪ್ಸಿನ್ನಿಗೆ ಸಮನಾಗಿ ತಟ್ಟುವಂತೆ ಬೆಳಕನ್ನು ಹೊಂದಿಸಿದಾಗ ನೀಲಿಗಿಂತ ಹಳದಿಯೇ ದೇಹದ ಗಡಿಯಾರವನ್ನು ಹೆಚ್ಚು ಕದಲಿಸಿತು! ಇಲಿಯ ಕಣ್ಣು ಮನುಷ್ಯನ ಕಣ್ಣಲ್ಲವೆಂಬುದು ನಿಜ. ಆದರೂ ಬಣ್ಣದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲವೆಂದು ಹೇಳಲು ಇಷ್ಟು ಸಾಕು.

ನಿದ್ರೆಯ ಮಾತು ಹಾಗಿರಲಿ, ಕಣ್ಣಿನ ಆಯಾಸ ಬೇರೆಯದೇ ಸಂಗತಿ. ಎರಡನ್ನೂ ಕಲಸಿ ಮಾತನಾಡುವುದೇ ನಮ್ಮ ಗೊಂದಲಕ್ಕೆಲ್ಲ ಮೂಲವೆಂದು ನನಗೆ ತೋರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಬಾರಿ ರೆಪ್ಪೆ ಬಡಿಯುವ ನಾವು ಪರದೆ ನೋಡುವಾಗ ಐದೋ ಏಳೋ ಬಾರಿ ಮಾತ್ರ ಬಡಿಯುತ್ತೇವೆಂದು ನೇತ್ರವೈದ್ಯರು ಹೇಳುತ್ತಾರೆ. ಕಣ್ಣೀರಿನ ತೆಳುಪೊರೆ ಒಣಗಿ ಉರಿ ಹುಟ್ಟುವುದು ಅದರಿಂದ. ಹತ್ತಿರದ ಅಕ್ಷರವನ್ನು ಬಿಡದೆ ನೋಡುವಾಗ ಕಣ್ಣಿನ ಮಸೂರವನ್ನು ಹಿಡಿದ ಸ್ನಾಯು ಗಂಟೆಗಟ್ಟಲೆ ಬಿಗಿದೇ ಇರುತ್ತದೆ. ಜೊತೆಗೆ, ಸುತ್ತಲೂ ಗಾಢಾಂಧಕಾರ, ನಡುವೆ ಒಂದು ಹೊಳೆಯುವ ಚೌಕ! ಈ ಮೂರರಲ್ಲಿ ಮೊದಲೆರಡಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ನೀಲಿಯನ್ನು ತಡೆಯುವ ಕನ್ನಡಕಗಳ ಬಗ್ಗೆ ನಡೆದ 17 ಪ್ರಯೋಗಗಳನ್ನು 2023ರಲ್ಲಿ ಕಾಕ್ರೇನ್ ಸಮೀಕ್ಷೆಯವರು ಒಟ್ಟುಗೂಡಿಸಿ ನೋಡಿ, ಸಾಧಾರಣ ಕನ್ನಡಕಕ್ಕಿಂತ ಅವು ಕಣ್ಣಿನ ಆಯಾಸವನ್ನು ಹೆಚ್ಚಾಗಿ ತಗ್ಗಿಸುತ್ತವೆನ್ನಲು ಆಧಾರ ಸಾಲದೆಂದು ತಿಳಿಸಿದರು. ಇಂಥ ಕನ್ನಡಕಕ್ಕೆ ಹಣ ತೆರುವ ಮುನ್ನ ನಮ್ಮಂಥವರು ಯೋಚಿಸಬೇಕು. ತಂತ್ರಾಂಶವಾದರೋ ಪುಕ್ಕಟೆಯದು, ಅಷ್ಟು ವಾಸಿ.

ಹಾಗಾದರೆ ಹಳದಿಯನ್ನು ತೆಗೆದೇ ಹಾಕಬೇಕೆ? ಬೇಡವೆಂದು ನನ್ನ ಅಭಿಪ್ರಾಯ. ಹಳದಿ ದೀಪವಿರುವ ಕೋಣೆಯಲ್ಲಿ ಪರದೆಯೂ ಅದೇ ಛಾಯೆಗೆ ಬಂದರೆ ನೋಡಲು ಹಿತವಾಗಿರುತ್ತದೆ. ಅದರ ಜೊತೆಗೆ ಹೊಳಪನ್ನು ಅಕ್ಷರ ಕಾಣುವಷ್ಟಕ್ಕೆ ಇಳಿಸಬೇಕು. ಕತ್ತಲೆಯಲ್ಲಿ ಓದದೆ ಬದಿಯಲ್ಲೊಂದು ಚಿಕ್ಕ ದೀಪವನ್ನಾದರೂ ಹಚ್ಚಿಕೊಳ್ಳಬೇಕು. ಮೊಬೈಲನ್ನು ಮೂಗಿನ ಬಳಿ ಹಿಡಿಯಬಾರದು. ಚಿಕ್ಕ ಪರದೆಯನ್ನು ಎರಡರಷ್ಟು ದೂರ ಹಿಡಿದರೆ ಕಣ್ಣಿಗೆ ಬೀಳುವ ಬೆಳಕು ಸುಮಾರು ನಾಲ್ಕನೆಯ ಒಂದು ಪಾಲಾಗುತ್ತದೆ. ಇದನ್ನು ಯಾವ ತಂತ್ರಾಂಶವೂ ನಮಗಾಗಿ ಮಾಡಿಕೊಡದು. ಇನ್ನು ಎರಡು ಗಂಟೆಯವರೆಗೆ ಓದುವ ಮಾತು: ಹಳದಿಯಲ್ಲಿ ಓದಿದರೂ ಬಿಳಿಯಲ್ಲಿ ಓದಿದರೂ ಎರಡು ಗಂಟೆ ಎರಡು ಗಂಟೆಯೇ. ಕಳೆದ ನಿದ್ರೆಯನ್ನು ಕೆಲ್ವಿನ್ ಲೆಕ್ಕದಲ್ಲಿ ಹಿಂದಕ್ಕೆ ಪಡೆಯುವ ಉಪಾಯವಿಲ್ಲ.

ನಮ್ಮ ನಾಡಿನವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಲಂಡನ್ ನಗರದಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ರಾತ್ರಿ ಒಂಬತ್ತರ ಮೇಲೆ ಮುಳುಗಿದರೆ ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಸೂರ್ಯಾಸ್ತವನ್ನು ಹಿಂಬಾಲಿಸುವ ಏರ್ಪಾಡಿನ ಮಹತ್ವ ಅಲ್ಲಿ ಹೆಚ್ಚು. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯಾಸ್ತ ಸುಮಾರು 5-50ರಿಂದ 6-50ರ ಒಳಗೇ. ಆದ್ದರಿಂದ ನಾವು ಮಲಗುವ ವೇಳೆಗೆ ಎರಡು ಮೂರು ಗಂಟೆ ಮುಂಚಿನ ಒಂದು ನಿಗದಿಯಾದ ಗಳಿಗೆಯನ್ನು ಕೈಯಾರೆ ಗೊತ್ತುಮಾಡಿಕೊಂಡರೂ ನಡೆಯುತ್ತದೆ.

ಕಡೆಯದಾಗಿ, ಇತಿಹಾಸ ಮತ್ತು ಭೂಗೋಳದ ಮಿತ್ರರಿಗೆ ಒಂದು ಮಾತು. ಬಣ್ಣದ ಭೂಪಟಗಳನ್ನಾಗಲಿ ವರ್ಣಚಿತ್ರಗಳನ್ನಾಗಲಿ ಪರದೆಯಲ್ಲಿ ಅಭ್ಯಾಸ ಮಾಡುವಾಗ ಹಳದಿಯನ್ನು ಅಷ್ಟು ಹೊತ್ತು ತೆಗೆದಿಡುವುದು ಅಗತ್ಯ. ಇಲ್ಲವಾದರೆ ಭೂಪಟದ ತಿಳಿನೀಲಿಯ ಕಡಲು ಹಸಿರು ಬಯಲಿನ ಹತ್ತಿರಕ್ಕೆ ಬಂದುಬಿಡುತ್ತದೆ.