ಮದುವೆ ಉದಯಪುರದಲ್ಲಿ, ಅಜ್ಜಿ ಮೈಸೂರಿನಲ್ಲಿ

ಪ್ರಶ್ನೆ: ನಮ್ಮ ಮಗಳ ಮದುವೆ ನಿಶ್ಚಯವಾಗಿದೆ. ವರ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಎರಡೂ ಮನೆಯವರು ಮೈಸೂರಿನವರೇ, ಆಶ್ವಲಾಯನ ಸೂತ್ರದವರು. ಆದರೆ ಹುಡುಗ–ಹುಡುಗಿ ಇಬ್ಬರಿಗೂ ರಾಜಸ್ಥಾನದ ಉದಯಪುರದಲ್ಲಿ ಡೆಸ್ಟಿನೇಷನ್ ವೆಡ್ಡಿಂಗ್ ಆಗಬೇಕೆಂದು ಆಸೆ. ಸರೋವರದ ದಡದ ಹೋಟೆಲೊಂದರಲ್ಲಿ ಡಿಸೆಂಬರ್ 27 ಖಾಲಿ ಇದೆಯಂತೆ, ಮುಂಗಡ ಕೇಳುತ್ತಿದ್ದಾರೆ. ಊರು ಬಿಟ್ಟು ಊರಿನಲ್ಲಿ ಧಾರೆ ಎರೆದರೆ ದೋಷವೇ? ಇಲ್ಲಿಯ ಪಂಚಾಂಗದ ಮುಹೂರ್ತ ಅಲ್ಲಿಗೂ ನಡೆಯುತ್ತದೆಯೇ? ಇನ್ನೊಂದು ಮಾತು. ನಮ್ಮ ಅತ್ತೆಯವರಿಗೆ 86 ವರ್ಷ, ಹಾಸಿಗೆ ಹಿಡಿದಿದ್ದಾರೆ. ಮಾವನವರು ಇಲ್ಲ. ಅತ್ತೆಯವರನ್ನು ಕರೆದೊಯ್ಯುವುದು ಸಾಧ್ಯವಿಲ್ಲ. ಅಷ್ಟರಲ್ಲಿ ಅವರಿಗೆ ಏನಾದರೂ ಆದರೆ ಎಂಬ ಭಯ ರಾತ್ರಿ ನಿದ್ದೆ ಕೆಡಿಸುತ್ತದೆ. ದಾರಿ ತೋರಿಸಿ.
— ಓದುಗರೊಬ್ಬರು, ಮೈಸೂರು

ಉತ್ತರ: ತಾಯೀ, ನೀವು ಕೊನೆಯಲ್ಲಿ ಕೇಳಿದ್ದೇ ಮುಖ್ಯ ಪ್ರಶ್ನೆ. ಆದರೂ ಮೊದಲು ಸುಲಭದವನ್ನು ಮುಗಿಸಿಬಿಡೋಣ.

ಊರು ಬಿಟ್ಟು ಮದುವೆ ಮಾಡಿದರೆ ದೋಷವೇ? ಇಲ್ಲ. ನಮ್ಮಲ್ಲಿ ಮದುವೆ ಅಂದರೇ ಯಾರಾದರೊಬ್ಬರು ಊರು ಬಿಟ್ಟು ಹೊರಡುವುದು. ಗಂಡಿನ ದಿಬ್ಬಣ ಗಾಡಿ ಕಟ್ಟಿಕೊಂಡು ಎರಡು ದಿನ ನಡೆದು ಹೆಣ್ಣಿನ ಊರಿಗೆ ಹೋಗುತ್ತಿತ್ತು. ನಿಮ್ಮ ಆಶ್ವಲಾಯನ ಗೃಹ್ಯಸೂತ್ರದಲ್ಲೇ ನೋಡಿ, ವಧುವನ್ನು ವಾಹನ ಹತ್ತಿಸುವಾಗ ಒಂದು ಮಂತ್ರ, ದೋಣಿ ಹತ್ತಿಸುವಾಗ ಒಂದು ಮಂತ್ರ, ವಿವಾಹಾಗ್ನಿಯನ್ನು ಆರದಂತೆ ಮುಂದೆ ಒಯ್ಯಬೇಕೆಂಬ ವಿಧಿ, ಎಲ್ಲಾ ಇದೆ. ಪಿಚೋಲಾ ಸರೋವರದಲ್ಲಿ ದೋಣಿ ಹತ್ತುವವರಿಗೂ ಆ ಮಂತ್ರ ಸಲ್ಲುತ್ತದೆ, ಹೇಳುವವರು ಇರಬೇಕು ಅಷ್ಟೆ. ಅದೇ ಸೂತ್ರ ವಿವಾಹ ಪ್ರಕರಣದ ಆರಂಭದಲ್ಲೇ ದೇಶಾಚಾರ, ಗ್ರಾಮಾಚಾರ ನಾನಾ ಬಗೆ, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಅನ್ನುತ್ತದೆ. ಹಿಂದೆ ಇಲ್ಲದೆ ಈಗ ಬಂದಿರುವುದು ಒಂದೇ. ಹಿಂದೆ ಎರಡು ಮನೆಗಳಲ್ಲಿ ಒಂದು ಮನೆಯಂಗಳದಲ್ಲಿ ಧಾರೆ ಆಗುತ್ತಿತ್ತು. ಈಗ ಎರಡೂ ಮನೆಗೆ ಸೇರದ ಜಾಗದಲ್ಲಿ ಆಗುತ್ತಿದೆ. ಅದು ನಿಷಿದ್ಧವಲ್ಲ. ಆದರೆ ಮನೆಯಲ್ಲಿ ತಾನಾಗಿ ನಡೆಯುತ್ತಿದ್ದುದನ್ನೆಲ್ಲ ಅಲ್ಲಿ ಕೇಳಿ, ಹೇಳಿ, ಬರೆಸಿಕೊಂಡು ಮಾಡಿಸಬೇಕಾಗುತ್ತದೆ.

ದಿನಾಂಕದ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಡಿಸೆಂಬರ್ 27 ಧನುರ್ಮಾಸ. ಡಿಸೆಂಬರ್ 16ರ ಹೊತ್ತಿಗೆ ಸೂರ್ಯ ಧನುಸ್ಸಿಗೆ ಬಂದರೆ ಮಕರ ಸಂಕ್ರಮಣದವರೆಗೆ ನಮ್ಮಲ್ಲಿ ವಿವಾಹ ಮುಹೂರ್ತ ಇಡುವುದಿಲ್ಲ. ಬೆಳಗಿನ ಜಾವದ ದೇವರ ಪೂಜೆಗೆ, ಹುಗ್ಗಿ ನೈವೇದ್ಯಕ್ಕೆ ಮೀಸಲಾದ ತಿಂಗಳು ಅದು. ಅಮೆರಿಕದ ಮಕ್ಕಳಿಗೆ ರಜೆ ಸಿಗುವುದು ಸರಿಯಾಗಿ ಆಗಲೇ, ಗೊತ್ತು. ಪ್ರತಿ ವರ್ಷ ಇದೇ ಪೇಚಾಟದ ಪತ್ರಗಳು ಬರುತ್ತವೆ. ಉದಯಪುರಕ್ಕೆ ಹೋದರೆ ಧನುರ್ಮಾಸ ತಪ್ಪುತ್ತದೆಯೇ ಅಂದರೆ ಅದೂ ಇಲ್ಲ. ಅಲ್ಲಿಯವರೂ ಆ ಕಾಲವನ್ನು ಖರಮಾಸ, ಮಲಮಾಸ ಅಂತ ಕರೆದು ಮದುವೆ ನಿಲ್ಲಿಸುತ್ತಾರೆ. ಹೋಟೆಲಿನಲ್ಲಿ ದಿನ ಖಾಲಿ ಇರುವುದಕ್ಕೆ ಅದೂ ಒಂದು ಕಾರಣ ಇದ್ದೀತು. ಸಂಕ್ರಮಣ ಕಳೆದ ಕೂಡಲೇ ಮಾಡೋಣ ಅಂದರೆ ಪುಷ್ಯ ಮಾಸ ಅಡ್ಡ ಬರುತ್ತದೆ, ಅದನ್ನೂ ನಮ್ಮಲ್ಲಿ ಬಿಡುತ್ತಾರೆ. ಮಾಘ ಬರಬೇಕು.

ದಾರಿ ಇಲ್ಲದೆ ಇಲ್ಲ. ಕಾರ್ತಿಕದ ಉತ್ಥಾನ ದ್ವಾದಶಿ, ಅಂದರೆ ತುಳಸಿ ಮದುವೆ ಆದ ಮೇಲೆ ಧನುಸ್ಸಂಕ್ರಮಣದವರೆಗೆ ಒಳ್ಳೆಯ ದಿನಗಳು ಸಿಗುತ್ತವೆ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ರಜೆ. ಅದರ ಹಿಂದೆ ಮುಂದೆ ಹತ್ತು ದಿನ ಹೊಂದಿಸಿಕೊಳ್ಳಲು ಹುಡುಗನಿಗೆ ಹೇಳಿ. ಆ ವರ್ಷ ಗುರು, ಶುಕ್ರರ ಅಸ್ತ ಇಲ್ಲವೆಂದು ನೋಡಿಕೊಂಡು, ಇಬ್ಬರಿಗೂ ತಾರಾಬಲ ಚಂದ್ರಬಲ ಕೂಡುವ ದಿನ ಆರಿಸಬೇಕು. ಮೊದಲು ಮುಹೂರ್ತ, ಆಮೇಲೆ ಹೋಟೆಲು. ಈಗ ಎಲ್ಲ ಕಡೆ ತಿರುಗಾಮುರುಗಾ ಆಗಿದೆ. ಹೋಟೆಲಿನವರು ಕೊಟ್ಟ ದಿನಕ್ಕೆ ಮುಹೂರ್ತ ಹುಡುಕಿಕೊಡಿ ಅಂತ ಬರುತ್ತಾರೆ.

ಇಲ್ಲಿಯ ಪಂಚಾಂಗ ಅಲ್ಲಿಗೆ ನಡೆಯುತ್ತದೆಯೇ ಅಂತ ಕೇಳಿದ್ದೀರಿ. ಅರ್ಧ ನಡೆಯುತ್ತದೆ, ಅರ್ಧ ನಡೆಯುವುದಿಲ್ಲ. ತಿಥಿ, ನಕ್ಷತ್ರ, ಯೋಗ, ಕರಣಗಳ ಅಂತ್ಯಕಾಲ ಭಾರತದಲ್ಲೆಲ್ಲ ಒಂದೇ ಗಡಿಯಾರಕ್ಕೆ ಒಂದೇ. ಆದರೆ ಸೂರ್ಯೋದಯ, ಅದರಿಂದ ಹುಟ್ಟುವ ರಾಹುಕಾಲ, ದುರ್ಮುಹೂರ್ತ, ಎಲ್ಲಕ್ಕಿಂತ ಮುಖ್ಯವಾಗಿ ಲಗ್ನ, ಇವು ಊರಿಗೊಂದು. ಒಂಟಿಕೊಪ್ಪಲ್ ಪಂಚಾಂಗವಾಗಲಿ ಇನ್ನಾವುದೇ ಆಗಲಿ, ಲಗ್ನದ ಕೋಷ್ಟಕ ಒಂದು ಊರಿನ ಅಕ್ಷಾಂಶ ರೇಖಾಂಶಕ್ಕೆ ಗಣಿಸಿದ್ದು. ಉದಯಪುರ ಮೈಸೂರಿಗಿಂತ ಸುಮಾರು ಮೂರು ಡಿಗ್ರಿ ಪಶ್ಚಿಮಕ್ಕೆ, ಹನ್ನೆರಡು ಡಿಗ್ರಿಗೂ ಹೆಚ್ಚು ಉತ್ತರಕ್ಕೆ ಇದೆ. ಡಿಸೆಂಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಮೈಸೂರಿಗಿಂತ ಸುಮಾರು 35 ನಿಮಿಷ ತಡ. ಮಕರ ಲಗ್ನವೂ ಹಾಗೇ ಅರ್ಧ ಗಂಟೆ ಮೀರಿ ತಡವಾಗಿ ಹುಟ್ಟುತ್ತದೆ. ಮೈಸೂರಿನ ಕೋಷ್ಟಕ ಹಿಡಿದು 'ಮಕರ ಲಗ್ನ ಬಂತು, ಧಾರೆ ಎರೆಯಿರಿ' ಅಂದರೆ, ಅಲ್ಲಿ ಇನ್ನೂ ಧನುರ್ಲಗ್ನವೇ ಇರುತ್ತದೆ. ಲಗ್ನ ಶುದ್ಧಿ ನೋಡಿದ ಶ್ರಮವೆಲ್ಲ ವ್ಯರ್ಥ. ಲಗ್ನಪತ್ರಿಕೆ ಅಚ್ಚು ಹಾಕಿಸುವ ಮೊದಲು ಜೋಯಿಸರಿಗೆ 'ಉದಯಪುರಕ್ಕೆ ಗಣಿಸಿ ಕೊಡಿ' ಅಂತ ಬಾಯಿಬಿಟ್ಟು ಹೇಳಿ. ಅಭಿಜಿನ್ಮುಹೂರ್ತ ಇಟ್ಟುಕೊಂಡರೂ ಅಷ್ಟೇ, ಅಲ್ಲಿಯ ನಡುಮಧ್ಯಾಹ್ನ ನಮ್ಮದಕ್ಕಿಂತ ಹನ್ನೆರಡು ನಿಮಿಷ ಆಚೆ.

ಸಂಕಲ್ಪದಲ್ಲೂ ಊರು ಬದಲಾಗುತ್ತದೆ. ನಾವು ಇಲ್ಲಿ ಗೋದಾವರಿಯ ದಕ್ಷಿಣ ತೀರ ಅನ್ನುತ್ತೇವೆ. ಉದಯಪುರ ಗೋದಾವರಿಯ ಉತ್ತರಕ್ಕಿದೆ. ಬಾಯಿಪಾಠದ ವೇಗದಲ್ಲಿ ಪುರೋಹಿತರು ದಕ್ಷಿಣ ತೀರ ಅಂದುಬಿಟ್ಟಾರು, ನೆನಪಿಸಿ. ಅಲ್ಲಿಯ ಪಂಡಿತರು ಕೃಷ್ಣಪಕ್ಷದಲ್ಲಿ ತಿಂಗಳ ಹೆಸರನ್ನು ಮುಂದಿನದು ಹೇಳಿದರೆ ಗಾಬರಿಯಾಗಬೇಡಿ. ಅವರದು ಹುಣ್ಣಿಮೆಗೆ ಮುಗಿಯುವ ತಿಂಗಳು, ನಮ್ಮದು ಅಮಾವಾಸ್ಯೆಗೆ ಮುಗಿಯುವುದು. ನಮಗೆ ಕಾರ್ತಿಕ ಬಹುಳ ಅಂದರೆ ಅವರಿಗೆ ಮಾರ್ಗಶೀರ್ಷ ಕೃಷ್ಣ. ತಿಥಿ ಒಂದೇ. ಅವರು ವಿಕ್ರಮ ಸಂವತ್ ಹಿಡಿಯುತ್ತಾರೆ, ಸಂವತ್ಸರದ ಹೆಸರೂ ಬೇರೆ ಬರುತ್ತದೆ. ಇಂಥ ಕಾರಣಕ್ಕೇ, ಖರ್ಚಾದರೂ ನಿಮ್ಮ ಮನೆಯ ಪುರೋಹಿತರನ್ನೇ ಕರೆದುಕೊಂಡು ಹೋಗಿ. ಅಲ್ಲಿಯವರ ಪ್ರಯೋಗ ಕಡಿಮೆ ಅಂತಲ್ಲ, ನಿಮ್ಮ ಸೂತ್ರ ಅದಲ್ಲ.

ಹೋಟೆಲಿನವರ ಹತ್ತಿರ ಕೇಳಬೇಕಾದ್ದು ಊಟದ ಬಗೆಗಿಂತ ಮೊದಲು ಬೆಂಕಿಯ ಬಗೆ. ಮಂಟಪ ಒಳಾಂಗಣದಲ್ಲಾದರೆ ಹೊಗೆ ಕಂಡ ಕೂಡಲೇ ಕೂಗುವ ಯಂತ್ರ ಇರುತ್ತದೆ, ಅಗ್ನಿ ಹೊತ್ತಿಸಲು ಬಿಡುವುದಿಲ್ಲ. ದೀಪದ ಬಲ್ಬಿಗೆ ಕೆಂಪು ಬಟ್ಟೆ ಹಾರಿಸುವ 'ಹೋಮಕುಂಡ'ವನ್ನು ಒಂದು ಕಡೆ ನಾನೇ ನೋಡಿದ್ದೇನೆ, ಅದರ ಸುತ್ತ ಸಪ್ತಪದಿ ತುಳಿಯುವುದೂ ಒಂದೇ, ಫ್ಯಾನಿನ ಸುತ್ತ ತುಳಿಯುವುದೂ ಒಂದೇ. ಇನ್ನು ಕಾರ್ಯಕ್ರಮ ನಡೆಸಿಕೊಡುವವರು ವೈದಿಕಕ್ಕೆ ಮುಕ್ಕಾಲು ಗಂಟೆ ಬರೆದಿರುತ್ತಾರೆ. ಕನ್ಯಾದಾನ, ಮಾಂಗಲ್ಯಧಾರಣೆ, ಲಾಜಹೋಮ, ಅಶ್ಮಾರೋಹಣ, ಸಪ್ತಪದಿ ನೆಮ್ಮದಿಯಾಗಿ ಆಗಲು ಮೂರು ಗಂಟೆ ಬೇಕು. ದರ್ಭೆ, ಅರಳು, ಸಮಿತ್ತು, ಬಾಸಿಂಗ ಇಲ್ಲಿಂದಲೇ ಒಯ್ಯಿರಿ. ಕರ್ಪೂರ, ಬೆಂಕಿಪೊಟ್ಟಣ, ಒಣಕೊಬ್ಬರಿ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಿ.

ನಕ್ಷತ್ರ ದರ್ಶನಕ್ಕೆ ಉದಯಪುರ ನಮ್ಮೂರಿಗಿಂತ ಒಳ್ಳೆಯದು ಅಂತ ಒಪ್ಪಬೇಕು. ಊರಿನ ಅಕ್ಷಾಂಶ ಎಷ್ಟೋ ಧ್ರುವ ಅಷ್ಟೇ ಎತ್ತರದಲ್ಲಿ ಕಾಣುತ್ತಾನೆ. ಮೈಸೂರಿನಲ್ಲಿ ಹನ್ನೆರಡು ಡಿಗ್ರಿ, ಕಟ್ಟಡಗಳ ಹಿಂದೆಯೇ ಉಳಿದುಬಿಡುತ್ತಾನೆ. ಅಲ್ಲಿ ಅದರ ಎರಡರಷ್ಟು ಎತ್ತರ. ಅರುಂಧತಿ ಮಾತ್ರ ಆ ಕಾಲದಲ್ಲಿ ಸಂಜೆ ಕಾಣುವುದಿಲ್ಲ. ಸಪ್ತರ್ಷಿಮಂಡಲ ಮೇಲೇರುವುದು ಮಧ್ಯರಾತ್ರಿ ಕಳೆದ ಮೇಲೆ, ಬೆಳಗಿನ ಜಾವ ಎದ್ದರೆ ಚೆನ್ನಾಗಿ ಕಾಣುತ್ತದೆ. (ಬಾಲಿ ದ್ವೀಪದಲ್ಲಿ ಮದುವೆ ಮಾಡಬಹುದೇ ಅಂತ ಇನ್ನೊಬ್ಬರು ಬರೆದಿದ್ದಾರೆ. ಅದು ಭೂಮಧ್ಯರೇಖೆಯ ದಕ್ಷಿಣಕ್ಕಿದೆ, ಧ್ರುವ ದಿಗಂತದ ಕೆಳಗೇ ಇರುತ್ತಾನೆ, ಯಾವ ರಾತ್ರಿಯೂ ಕಾಣುವುದಿಲ್ಲ. ಮನಸ್ಸಿನಲ್ಲಿ ಸ್ಮರಿಸಿ ಕೈಮುಗಿಯಬೇಕಷ್ಟೆ. ಗಡಿಯಾರವೂ ನಮಗಿಂತ ಎರಡೂವರೆ ಗಂಟೆ ಮುಂದೆ.)

ಈಗ ಅತ್ತೆಯವರ ವಿಷಯ.

ನೀವು ಬಾಯಿಬಿಟ್ಟು ಹೇಳದ ಭಯಕ್ಕೆ ಶಾಸ್ತ್ರದಲ್ಲಿ ಉತ್ತರ ಇದೆ. ನಾಂದೀಶ್ರಾದ್ಧ ಆದ ಮೇಲೆ ಆರಂಭಿಸಿದ ಕರ್ಮಕ್ಕೆ ಸೂತಕ ತಟ್ಟುವುದಿಲ್ಲ. ವಿವಾಹಕ್ಕೆ ನಾಂದಿಯನ್ನು ಹತ್ತು ದಿನ ಮೊದಲೇ ಇಡಬಹುದೆಂದು ಧರ್ಮಶಾಸ್ತ್ರದ ನಿಬಂಧಗಳು ಅವಕಾಶ ಕೊಟ್ಟಿವೆ. ಹಾಗಾಗಿ ಮಕ್ಕಳು ಉದಯಪುರವೇ ಅಂತ ಹಠ ಹಿಡಿದರೆ, ದೇವರ ಸಮಾರಾಧನೆ ಮತ್ತು ನಾಂದಿಯನ್ನು ಮೈಸೂರಿನ ಮನೆಯಲ್ಲೇ, ಅತ್ತೆಯವರು ಮಲಗಿರುವ ಕೋಣೆಯ ಬಾಗಿಲಿಗೆ ಕಾಣುವಂತೆ ಮಾಡಿ. ನಾಂದಿ ಇಟ್ಟ ಮೇಲೆ ಪ್ರಯಾಣ ಕೂಡದು ಅನ್ನುವ ಮಾತು ಕೆಲವು ಮನೆಗಳಲ್ಲಿದೆ. ದಿಬ್ಬಣಗಳೆಲ್ಲ ನಾಂದಿ ಇಟ್ಟೇ ಹೊರಡುತ್ತಿದ್ದವಲ್ಲ, ಚಿಂತೆ ಬೇಡ. ದೇವತಾ ವಿಸರ್ಜನೆಯನ್ನು ಹಿಂದಿರುಗಿ ಬಂದು ಮನೆಯಲ್ಲೇ ಮಾಡಿ.

ಇಲ್ಲಿ ಒಂದು ಸಂಗತಿ ನಿಮ್ಮ ಯಜಮಾನರಿಗೆ ಹೇಳಿ. ನಾಂದಿಯಲ್ಲಿ ಪಿತೃಗಳನ್ನು ಕರೆಯುವಾಗ ತಾಯಿಯ ವರ್ಗ, ತಂದೆಯ ವರ್ಗ, ತಾಯಿಯ ತಂದೆಯ ವರ್ಗ ಅಂತ ಮೂರು. ಕರ್ತೃವಿನ ತಾಯಿ ಬದುಕಿದ್ದರೆ ಮೊದಲಿನ ವರ್ಗವನ್ನು ಕರೆಯುವುದಿಲ್ಲ, ಬಿಟ್ಟು ಮುಂದೆ ಹೋಗುತ್ತೇವೆ. ಆ ಜಾಗದಲ್ಲಿ ದರ್ಭೆ ಇಟ್ಟು ಆವಾಹನೆ ಮಾಡಬೇಕಿಲ್ಲ, ಯಾಕೆಂದರೆ ಆಶೀರ್ವಾದ ಮಾಡಬೇಕಾದವರು ಮನೆಯೊಳಗೇ ಇದ್ದಾರೆ. ಇಲ್ಲದ ಹಿರಿಯರನ್ನು ಹೆಸರು ಹಿಡಿದು ಕರೆದು ಕೂರಿಸುತ್ತೇವೆ, ಇರುವ ಹಿರಿಯರನ್ನು ವಿಡಿಯೊ ಕರೆಯಲ್ಲಿ ತೋರಿಸಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಅವರು ಮಾಂಗಲ್ಯ ಕಳೆದುಕೊಂಡವರು ಅಂತ ಯಾರಾದರೂ ಹಿಂದೆ ಸರಿಸಿದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಮೊಮ್ಮಗಳಿಗೆ ಅಜ್ಜಿಯ ಅಕ್ಷತೆ ಅಮಂಗಳ ಆಗುವುದು ಹೇಗೆ?

ಸೂತಕ ತಟ್ಟುವುದಿಲ್ಲ ಎಂಬುದು ಕರ್ಮಕ್ಕೆ ಹೇಳಿದ್ದು. ಮನುಷ್ಯನಿಗೆ ಅಷ್ಟು ಸಾಲದು. ನಿಮ್ಮ ಯಜಮಾನರು ಅಲ್ಲಿ ಪೇಟ ಸುತ್ತಿಕೊಂಡು ನಿಂತಿರುವಾಗ ಇಲ್ಲಿ ತಾಯಿಗೆ ಹೆಚ್ಚುಕಡಿಮೆ ಆದರೆ, ಉದಯಪುರದಿಂದ ಮೈಸೂರಿಗೆ ಬರಲು ಒಂದು ಇಡೀ ದಿನ ಬೇಕು. ಮಗ ಮಾಡಬೇಕಾದ ಕರ್ಮ ಅದು, ಇನ್ನೊಬ್ಬರಿಗೆ ವಹಿಸಿ ಅಲ್ಲಿ ಆರತಕ್ಷತೆ ಮುಂದುವರಿಸಿ ಅಂತ ಯಾವ ಪುರೋಹಿತನೂ ಹೇಳಲಾರ.

ಆದ್ದರಿಂದ ನನ್ನ ಅಭಿಪ್ರಾಯ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು: ಧಾರೆ ಮೈಸೂರಿನಲ್ಲಿ, ಮನೆಯಲ್ಲೋ ಮನೆಗೆ ಹತ್ತಿರದ ಛತ್ರದಲ್ಲೋ, ನೂರು ಜನರೊಳಗೆ. ಅತ್ತೆಯವರನ್ನು ಗಾಲಿಕುರ್ಚಿಯಲ್ಲಿ ಹತ್ತು ನಿಮಿಷ ಕರೆತರಬಹುದು, ಅದೂ ಆಗದಿದ್ದರೆ ಮಾಂಗಲ್ಯವನ್ನು ಧಾರಣೆಗೆ ಮೊದಲು ಅವರ ಕೈಯಿಂದ ಮುಟ್ಟಿಸಿ ತನ್ನಿ. ಆಮೇಲೆ ಉದಯಪುರ. ಅಲ್ಲಿ ಆರತಕ್ಷತೆ, ಹಾಡು, ದೋಣಿ, ಅರಮನೆಯ ಚಿತ್ರಗಳು, ಮಕ್ಕಳ ಆಸೆ ಎಲ್ಲ ತೀರಲಿ, ಧನುರ್ಮಾಸವಾದರೂ ಆರತಕ್ಷತೆಗೆ ಬಾಧೆ ಇಲ್ಲ. ಹಾಗೆ ಮಾಡಿದರೆ ಆ ಡಿಸೆಂಬರ್ 27 ಕೂಡ ಉಳಿಯುತ್ತದೆ, ಹುಡುಗ ನವೆಂಬರ್ ಕೊನೆಗೆ ಧಾರೆಗೆಂದು ಒಂದು ವಾರ ಬಂದು ಹೋಗಬೇಕಾದೀತು ಅಷ್ಟೆ. ಮದುವೆಯ ನೋಂದಣಿಯೂ ಇಲ್ಲೇ ಸಲೀಸಾಗಿ ಆಗುತ್ತದೆ, ಹುಡುಗಿಯ ವೀಸಾಕ್ಕೆ ಅದು ಬೇಕೇ ಬೇಕು.

ಗಂಡಿನ ಕಡೆಯವರು ಏನನ್ನುತ್ತಾರೋ ಅಂತ ಅಂಜಬೇಡಿ. ಕನ್ಯಾದಾನದ ಕರ್ತೃ ಹೆಣ್ಣಿನ ತಂದೆ, ಯಾವ ನೆಲದಲ್ಲಿ ನಿಂತು ಕೊಡುತ್ತೇನೆ ಅಂತ ಹೇಳುವ ಅಧಿಕಾರ ಅವರಿಗಿದೆ. ಇಬ್ಬರೂ ಮೈಸೂರಿನವರೇ ಆದ್ದರಿಂದ ಅವರ ಮನೆಯ ಹಿರಿಯರಿಗೂ ಇದು ಅನುಕೂಲವೇ ಆದೀತು, ಕೇಳಿ ನೋಡಿ.

ಒಂದೇ ಎಚ್ಚರಿಕೆ. ಇಲ್ಲಿ ಧಾರೆ ಆದ ಮೇಲೆ, ಅಲ್ಲಿ ಛಾಯಾಗ್ರಾಹಕರು ಚೆನ್ನಾಗಿ ಬರುತ್ತದೆ ಅಂತ ಮತ್ತೆ ತಾಳಿ ಕಟ್ಟಿಸುವುದು, ಸಪ್ತಪದಿ ತುಳಿಸುವುದು ಬೇಡ. ಕನ್ಯೆಯನ್ನು ಕೊಡುವುದು ಒಂದೇ ಸಲ ಅಂತ ಸ್ಮೃತಿ. ಹಾರ ಬದಲಾಯಿಸಿಕೊಳ್ಳಲಿ, ಆರತಿ ಆಗಲಿ, ಹಿರಿಯರು ಅಕ್ಷತೆ ಹಾಕಲಿ. ಆ ಅಕ್ಷತೆಯನ್ನು ಹೊರಡುವ ದಿನ ಅತ್ತೆಯವರ ಕೈಯಿಂದ ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋಗಿ.

ಪತ್ರದಲ್ಲಿ ಹುಡುಗಿಯ ಜನ್ಮನಕ್ಷತ್ರ ಬರೆದಿದ್ದೀರಿ, ಹುಡುಗನದು ಬರೆದಿಲ್ಲ. ಅದನ್ನೂ ಹುಡುಗನಿಗೆ ರಜೆ ಸಿಗುವ ದಿನಗಳನ್ನೂ ನಿಮ್ಮ ಮನೆಯ ಪುರೋಹಿತರಿಗೆ ಈ ವಾರವೇ ಕೊಡಿ. ಅವರು ದಿನ ಹೇಳುವವರೆಗೆ ಹೋಟೆಲಿಗೆ ಮುಂಗಡ ಕಟ್ಟಬೇಡಿ.