‘ಆಗಿ’ ತಂದಿಡುವ ತಂಟೆ

ಸಂಜೆ ತರಗತಿಗಳಲ್ಲಿ ಇಂಗ್ಲಿಷ್ ಹೇಳಿಕೊಡುವವಳು ನಾನು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ‘ದಿ ಫ್ಲವರ್ ಈಸ್ ಬ್ಯೂಟಿಫುಲ್ಲಿ’ ಎಂದು ಬರೆಯುತ್ತಾರೆ. ಕೆಂಪು ಶಾಯಿಯಲ್ಲಿ ಆ ‘ಲಿ’ ಹೊಡೆದುಹಾಕಿದರೆ ಮರುವಾರ ಅದು ಇನ್ನೊಂದು ಪದಕ್ಕೆ ಅಂಟಿಕೊಂಡು ಹಾಜರಾಗುತ್ತದೆ.

ಇದಕ್ಕೆ ಕಾರಣ ಉದಾಸೀನವಲ್ಲ, ನಮ್ಮ ‘ಆಗಿ’. ಹೂವು ಸುಂದರವಾಗಿದೆ, ಅವಳು ಸುಂದರವಾಗಿ ಹಾಡಿದಳು: ನಮಗೆ ಎರಡೂ ಕಡೆ ‘ಸುಂದರವಾಗಿ’ಯೇ. ಇಂಗ್ಲಿಷಿನಲ್ಲಿ ಹೂವಿನ ಗುಣಕ್ಕೆ ಬ್ಯೂಟಿಫುಲ್, ಹಾಡಿದ ರೀತಿಗೆ ಬ್ಯೂಟಿಫುಲ್ಲಿ. ‘ನನಗೆ ಕೋಪ’ ಎನ್ನುವವರ ಬಾಯಲ್ಲಿ ‘ಐ ಆಮ್ ಆ್ಯಂಗರ್’ ಬರುವುದೂ ಹೀಗೆಯೇ. ನಮ್ಮ ಕೋಪ ನಾಮಪದ. ಅಲ್ಲಿ ಬೇಕಾದದ್ದು ಆ್ಯಂಗ್ರಿ ಎಂಬ ವಿಶೇಷಣ. ಅಷ್ಟಕ್ಕೂ ನಮ್ಮ ಶಾಲಾ ವ್ಯಾಕರಣ ಗುಣವಾಚಕವನ್ನು ನಾಮಪದದ ಬಗೆಗಳಲ್ಲೇ ಸೇರಿಸಿದೆ. ಇಂಗ್ಲಿಷಿನ ಹಳೆಯ ವ್ಯಾಕರಣಗಳೂ ವಿಶೇಷಣವನ್ನು ‘ನೌನ್ ಅಡ್ಜೆಕ್ಟಿವ್’ ಎಂದೇ ಕರೆಯುತ್ತಿದ್ದವು. ಹುಡುಗರನ್ನು ಬೈದು ಏನು ಬಂತು?

ಈಗ ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ, ಪರೀಕ್ಷೆ ಮಾಡಿಸುತ್ತೇನೆ. ‘ದಿ ಸಾಂಬಾರ್ ಟೇಸ್ಟ್ಸ್ ಗುಡ್’ ವಾಕ್ಯದ ಕ್ರಿಯಾಪದ ತೆಗೆದು ‘ಈಸ್’ ಇಟ್ಟರೂ ವಾಕ್ಯ ನಿಲ್ಲುತ್ತದೆ. ಹಾಗಾಗಿ ಅಲ್ಲಿ ವಿಶೇಷಣ ಸರಿ. ‘ಶಿ ಲುಕ್ಡ್ ಆ್ಯಂಗ್ರಿ’ಯಲ್ಲೂ ಅಷ್ಟೆ. ‘ಶಿ ಲುಕ್ಡ್ ಆ್ಯಂಗ್ರಿಲಿ ಅಟ್ ಮಿ’ಯಲ್ಲಿ ಆಕೆ ನಿಜಕ್ಕೂ ದುರುಗುಟ್ಟಿ ನೋಡುತ್ತಿದ್ದಾಳೆ, ‘ವಾಸ್’ ಇಟ್ಟರೆ ಕೂರುವುದಿಲ್ಲ. ನಾಮಪದವನ್ನು ಬೇರ್ಪಡಿಸಲು ಹಿಂದೆ ‘ವೆರಿ’ ಹಚ್ಚಿ ನೋಡಬೇಕು. ವೆರಿ ಹೆಲ್ತಿ ಒಪ್ಪುತ್ತದೆ, ವೆರಿ ಹೆಲ್ತ್ ಒಪ್ಪುವುದಿಲ್ಲ. ‘ಸ್ಟೋನ್ ವಾಲ್’ನ ಸ್ಟೋನ್ ವಿಶೇಷಣದ ಜಾಗದಲ್ಲಿ ಕೂತರೂ ನಾಮಪದವೇ. (ಮೆಡಿಕಲ್‌ನಂಥ ವಿಶೇಷಣಗಳಿಗೆ ವೆರಿ ಹಚ್ಚಲಾಗದು. ಈ ಪರೀಕ್ಷೆಗೂ ಮಿತಿ ಇದೆ.)

‘ಲಿ’ ಬಾಲವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ವಿಶೇಷಣಕ್ಕೆ ಅಂಟಿದರೆ ಅದು ಸಾಮಾನ್ಯವಾಗಿ ಕ್ರಿಯಾವಿಶೇಷಣ: ಸ್ಲೋ, ಸ್ಲೋಲಿ. ನಾಮಪದಕ್ಕೆ ಅಂಟಿದರೆ ಬಹುಪಾಲು ವಿಶೇಷಣ: ಫ್ರೆಂಡ್ಲಿ, ಕವರ್ಡ್ಲಿ. ಫಾಸ್ಟ್‌ಗೆ ಬಾಲವೇ ಬೇಡ, ಫಾಸ್ಟ್ ಕಾರೂ ಉಂಟು, ಫಾಸ್ಟ್ ಆಗಿ ಓಡುವುದೂ ಉಂಟು. ಹಾರ್ಡ್ ಕೂಡ ಹಾಗೆಯೇ. ಅದಕ್ಕೆ ‘ಲಿ’ ಸೇರಿಸಿದರೆ ‘ಇಲ್ಲವೆಂಬಷ್ಟು ಕಡಿಮೆ’ ಎಂಬ ಬೇರೆಯೇ ಅರ್ಥ. ಕೆಲಸದ ಅರ್ಜಿಯಲ್ಲಿ ‘ಐ ವರ್ಕ್ ಹಾರ್ಡ್ಲಿ’ ಎಂದು ಬರೆದಿದ್ದರೆ, ಅಂಚೆಗೆ ಹಾಕುವ ಮುನ್ನ ದಯವಿಟ್ಟು ತಿದ್ದಿಕೊಳ್ಳಿ.